ದನಿ ಎಲ್ಲಿ ನಿಂತಿತ್ತು: ಮೂಡಿಗೆರೆ ಕಡೆಯ ಒಂದು ಲಿನಕ್ಸ್ ಕಂಪ್ಯೂಟರ್‌ನ ಪ್ರಕರಣ

2025ರ ಜೂನ್ ಎರಡನೇ ವಾರ. ಚಿಕ್ಕಮಗಳೂರಿನಲ್ಲಿ ಅಂಗಡಿ ಬಾಗಿಲು ತೆಗೆಯುವ ಮೊದಲೇ ಫೋನ್ ಬಂತು. "ಅಣ್ಣಾ, ಮಾವನ ಕಂಪ್ಯೂಟರ್ ಮಾತಾಡೋದು ನಿಲ್ಲಿಸಿ ಇಪ್ಪತ್ತು ದಿನ ಆಯ್ತು. ನೋಡುವವರೆಲ್ಲ ನೋಡಿ ಆಯ್ತು. ನೀವೊಂದು ಸಲ ಬರ್ತೀರಾ?"

ಕರೆ ಮಾಡಿದ್ದು ನಮ್ಮ ಮೇಷ್ಟ್ರ ಸೊಸೆ. ಮೇಷ್ಟ್ರು ಅಂದರೆ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಅವರ ಮನೆ. ಸುತ್ತ ಒಂದಿಷ್ಟು ಕಾಫಿ, ನಡುವೆ ಮೆಣಸಿನ ಬಳ್ಳಿ. ನಿವೃತ್ತಿಯಾದ ಮೇಲೆ ಗ್ಲಾಕೋಮಾದಿಂದ ಅವರ ದೃಷ್ಟಿ ಕುಗ್ಗುತ್ತಾ ಬಂತು. ಈಗ ಬೆಳಕು, ಕತ್ತಲೆ ಗೊತ್ತಾಗುತ್ತದೆ. ಅಕ್ಷರ ಕಾಣುವುದಿಲ್ಲ.

ನಮಗೆ ಕಂಪ್ಯೂಟರ್‌ನಲ್ಲಿ ಸೌಂಡ್ ಹೋದರೆ ಹಾಡು ಕೇಳುವುದಿಲ್ಲ, ಅಷ್ಟೇ. ಮೇಷ್ಟ್ರಿಗೆ ಸೌಂಡ್ ಹೋದರೆ ಕಂಪ್ಯೂಟರೇ ಹೋದ ಹಾಗೆ. ನಮ್ಮ ಪರದೆ ಇಪ್ಪತ್ತು ದಿನ ಕಪ್ಪಾಗಿ ಕೂತಿದ್ದರೆ ಹೇಗಿರುತ್ತಿತ್ತೋ, ಅವರಿಗೆ ಹಾಗೆ ಆಗಿತ್ತು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೇ ಮೊದಲ ಕಾರಣ. ಎರಡನೆಯದು, ಇಲ್ಲಿ ಒಂದಲ್ಲ, ಎರಡು ದೋಷ ಒಟ್ಟಿಗೆ ಇದ್ದವು. ಒಂದನ್ನು ಸರಿ ಮಾಡಿದವರಿಗೆ ಇನ್ನೊಂದು ಅಡ್ಡ ನಿಂತು, "ಇದಲ್ಲ ಕಾರಣ" ಅಂತ ನಂಬಿಸಿ ವಾಪಸ್ ಕಳಿಸಿತ್ತು.

ಕಂಪ್ಯೂಟರ್ ಎಂಥದ್ದು

ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಇರುವ ಹಳೇ ಡೆಸ್ಕ್‌ಟಾಪ್. 2023ರ ಕೊನೆಯಲ್ಲಿ ನಾನೇ ಅದಕ್ಕೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ಬಗೆಯಾದ ಡೆಬಿಯನ್ 12 ಹಾಕಿಕೊಟ್ಟಿದ್ದೆ. ಡೆಬಿಯನ್ ಆರಿಸಿದ್ದಕ್ಕೆ ಕಾರಣ ಇತ್ತು. ಅದರ ಇನ್‌ಸ್ಟಾಲರ್ ಶುರುವಾದಾಗ 'ಎಸ್' ಒತ್ತಿ ಎಂಟರ್ ಕೊಟ್ಟರೆ, ಮುಂದಿನ ಪ್ರತಿ ಪ್ರಶ್ನೆಯನ್ನೂ ಅದೇ ಓದಿ ಹೇಳುತ್ತದೆ. ಕಣ್ಣು ಕಾಣದವರು ಯಾರ ಸಹಾಯವೂ ಇಲ್ಲದೆ ಒಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಬಹುದು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ. ಅವತ್ತು ಮೇಷ್ಟ್ರು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರು. ತಮ್ಮ ಪಾಸ್‌ವರ್ಡ್ ಅವರೇ ಹಾಕಿದ್ದರು.

ಪರದೆಯ ಮೇಲಿನದನ್ನು ಓದಿ ಹೇಳಲು ಓರ್ಕಾ ಅನ್ನುವ ತಂತ್ರಾಂಶ. ದನಿ ಮಾತ್ರ ಈಸ್ಪೀಕ್ ಎನ್‌ಜಿ ಅನ್ನುವ, ಅಕ್ಷರವನ್ನು ಮಾತಾಗಿಸುವ ಇನ್ನೊಂದು ತಂತ್ರಾಂಶದ್ದು. ಅದಕ್ಕೆ ಕನ್ನಡ ಬರುತ್ತದೆ. ದನಿ ಯಂತ್ರದ್ದೇ, ಇಂಪಿಲ್ಲ. ಆದರೆ ಎಷ್ಟು ವೇಗವಾಗಿ ಓದಿಸಿದರೂ ಅಕ್ಷರ ಸ್ಪಷ್ಟವಾಗಿರುತ್ತದೆ. ಮೇಷ್ಟ್ರು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುವುದು ಕಲಿತು, ತಮ್ಮ ಊರಿನ ಕೃಷಿಯ ಬಗ್ಗೆ ದಿನಾ ಒಂದೊಂದು ಪುಟ ಬರೆಯುತ್ತಿದ್ದರು. ಬರೆದದ್ದನ್ನು ಓರ್ಕಾ ಓದುತ್ತಿತ್ತು, ಅವರು ತಿದ್ದುತ್ತಿದ್ದರು.

ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದು ಸಂಜೆ ಸಿಡಿಲು ಬಡಿಯಿತು. ಮಾನಿಟರ್ ಹೋಯಿತು. ಪುಣ್ಯಕ್ಕೆ ಸಿಪಿಯು ಉಳಿಯಿತು. ಮನೆಯವರಿಗೆ ನೋಡಲು ಪರದೆ ಬೇಕಲ್ವಾ, ಹೊಸ ಮಾನಿಟರ್ ತಂದರು. ಅದನ್ನು ಜೋಡಿಸಿದ ದಿನದಿಂದ ದನಿ ಇಲ್ಲ.

ನನಗಿಂತ ಮೊದಲು ನಡೆದದ್ದು

ಹೋಗುವ ಮೊದಲು ಸೊಸೆಯ ಹತ್ತಿರ ಫೋನಿನಲ್ಲೇ ಎಲ್ಲ ಕೇಳಿ ಬರೆದುಕೊಂಡೆ. ಇದು ನನ್ನ ಪದ್ಧತಿ. ಕೆಟ್ಟದ್ದು ಏನು ಅನ್ನುವುದಕ್ಕಿಂತ, ಯಾರು ಏನು ಮುಟ್ಟಿದರು ಅನ್ನುವುದು ಮೊದಲು ಗೊತ್ತಾಗಬೇಕು.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಫೋನಿನಲ್ಲಿ ಹೇಳಿಕೊಟ್ಟು, ಸೆಟ್ಟಿಂಗ್ಸ್‌ನ ಸೌಂಡ್ ಪುಟ ತೆರೆಸಿದ್ದ. ಅಲ್ಲಿ ಔಟ್‌ಪುಟ್ ಜಾಗದಲ್ಲಿ ಎಚ್‌ಡಿಎಂಐ, ಅಂದರೆ ಮಾನಿಟರ್‌ಗೆ ಚಿತ್ರ, ದನಿ ಎರಡನ್ನೂ ಒಯ್ಯುವ ತಂತಿಯ ದಾರಿ ಇತ್ತು. ಅದನ್ನು ತೆಗೆದು ಲೈನ್ ಔಟ್, ಅಂದರೆ ಸ್ಪೀಕರ್ ಚುಚ್ಚುವ ಹಿಂದಿನ ತೂತಿನ ದಾರಿ ಆರಿಸಿದರು. ಟೆಸ್ಟ್ ಒತ್ತಿದರು. ಸದ್ದಿಲ್ಲ. "ಹಾಗಾದರೆ ಮೊದಲಿದ್ದ ಹಾಗೇ ಇಡಿ" ಅಂದ. ಇಟ್ಟರು.

ಆಮೇಲೆ ಪಕ್ಕದ ತೋಟದವರೊಬ್ಬರು ಸ್ಪೀಕರ್ ಹೋಗಿರಬೇಕು ಅಂದರು. ಹೊಸ ಸ್ಪೀಕರ್ ಬಂತು. ಸದ್ದಿಲ್ಲ. ರಿಪೇರಿಯವರೊಬ್ಬರು ಬಂದು ನೋಡಿ, ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡನ್ನು ನಡೆಸುವ ತಂತ್ರಾಂಶದ, ಅಂದರೆ ಡ್ರೈವರ್‌ನ ತೊಂದರೆ ಯಾವಾಗಲೂ ಇದ್ದದ್ದೇ, ಫಾರ್ಮ್ಯಾಟ್ ಮಾಡಿ ಬೇರೆ ಹಾಕೋಣ ಅಂದರು. ಮೇಷ್ಟ್ರು ಬೇಡವೇ ಬೇಡ ಅಂದರಂತೆ. ಒಂದೂವರೆ ವರ್ಷದ ಬರಹ ಅದರಲ್ಲಿದೆ.

ನಾನೂ ಫೋನಿನಲ್ಲಿ ಒಂದು ಪ್ರಯತ್ನ ಮಾಡಿದೆ. ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆರೆದು, ಸೌಂಡ್ ಕಾರ್ಡ್‌ನ ದನಿಯ ಮಟ್ಟ ತೋರಿಸುವ ಆಲ್ಸಾಮಿಕ್ಸರ್ ಓಡಿಸಲು ಹೇಳಿದೆ. ಎಫ್6 ಒತ್ತಿ ಕಾರ್ಡ್ ಆರಿಸಿ, ಫೋಟೋ ತೆಗೆದು ಕಳಿಸಿ ಅಂದೆ. ಫೋಟೋದಲ್ಲಿ ಮಾಸ್ಟರ್, ಫ್ರಂಟ್, ಹೆಡ್‌ಫೋನ್ ಎಲ್ಲದರ ಕೆಳಗೂ '00' ಇತ್ತು. ಅಂದರೆ ದಾರಿ ತೆರೆದಿದೆ ಅಂತ ಅರ್ಥ. ಮುಚ್ಚಿದ್ದರೆ 'ಎಂಎಂ' ಅಂತ ಇರುತ್ತದೆ, ಎಂ ಕೀಲಿ ಒತ್ತಿದರೆ ತೆರೆಯುತ್ತದೆ. ಇಲ್ಲಿ ಎಲ್ಲ ಸರಿಯಾಗಿ ಕಂಡಿತು. ಆದರೆ ಆಲ್ಸಾಮಿಕ್ಸರ್‌ನ ಪಟ್ಟಿ ಬಲಕ್ಕೆ ಉದ್ದ ಇರುತ್ತದೆ. ಕಿಟಕಿ ಸಣ್ಣದಿದ್ದರೆ ಕೊನೆಯ ಕೆಲವು ಕಾಣುವುದಿಲ್ಲ, ಬಾಣದ ಕೀಲಿಯಿಂದ ಸರಿಸಿ ನೋಡಬೇಕು. ಅದನ್ನು ನಾನು ಅವತ್ತು ಹೇಳಲಿಲ್ಲ. ಹೇಳಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು.

ದನಿ ಬರುವ ದಾರಿ

ಮಲೆನಾಡಿನ ಎಷ್ಟೋ ಮನೆಗಳಿಗೆ ಈಗಲೂ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಹಿಂದೆ ಅಡಿಕೆ ದಂಬೆ ಇತ್ತು, ಈಗ ಕಪ್ಪು ಪೈಪು. ಮನೆಯಲ್ಲಿ ನೀರು ನಿಂತರೆ ನಲ್ಲಿ ಬದಲಾಯಿಸುತ್ತಾ ಕೂರುವುದಿಲ್ಲ. ಪೈಪಿನ ಗುಂಟ ಹತ್ತುತ್ತಾ ಹೋಗಿ, ಜಾಯಿಂಟ್ ಬಿಚ್ಚಿ ನೋಡುತ್ತಾರೆ. ಇಲ್ಲಿವರೆಗೆ ಬಂದಿದೆಯಾ? ಬಂದಿದೆ. ಹಾಗಾದರೆ ಕಟ್ಟಿರುವುದು ಇಲ್ಲಿಂದ ಕೆಳಗೆ. ಲಿನಕ್ಸ್‌ನ ಸೌಂಡ್ ತೊಂದರೆಯನ್ನೂ ಹೀಗೇ ನೋಡಬೇಕು.

ಇಲ್ಲಿ ಮುಖ್ಯವಾದ ಜಾಯಿಂಟ್‌ಗಳು ಮೂರು. ಕೆಳಗೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಒಳಗೆ ಆಲ್ಸಾ ಇದೆ. ಸೌಂಡ್ ಕಾರ್ಡ್ ಚಿಪ್‌ನ ಜೊತೆ ನೇರವಾಗಿ ವ್ಯವಹರಿಸುವುದು ಅದೇ. ಯಾರೊಸ್ಲಾವ್ ಕಿಸೆಲಾ ಇದನ್ನು 1998ರಲ್ಲಿ ಶುರು ಮಾಡಿದರು. 2003ರ ಕೊನೆಯಲ್ಲಿ ಬಂದ ಕರ್ನಲ್ 2.6ರಲ್ಲಿ ಓಎಸ್‌ಎಸ್ ಅನ್ನುವ ಹಳೇ ಸೌಂಡ್ ವ್ಯವಸ್ಥೆಯ ಜಾಗಕ್ಕೆ ಇದು ಬಂತು. ಅದರ ಮೇಲೆ ಸೌಂಡ್ ಸರ್ವರ್. ಹಲವು ಪ್ರೋಗ್ರಾಂಗಳ ದನಿಯನ್ನು ಸೇರಿಸಿ, ಯಾವ ಬಾಗಿಲಿನಿಂದ ಹೊರಗೆ ಕಳಿಸಬೇಕು ಅಂತ ತೀರ್ಮಾನ ಮಾಡುವುದು ಇದರ ಕೆಲಸ. ಬಹಳ ವರ್ಷ ಪಲ್ಸ್‌ಆಡಿಯೋ ಈ ಕೆಲಸ ಮಾಡಿತು. ಈಗ ಪೈಪ್‌ವೈರ್ ಬಂದಿದೆ. ರೆಡ್ ಹ್ಯಾಟ್ ಕಂಪನಿಯ ವಿಮ್ ಟೇಮನ್ಸ್ ಬರೆದದ್ದು. 2021ರಲ್ಲಿ ಲಿನಕ್ಸ್‌ನ ಇನ್ನೊಂದು ಬಗೆಯಾದ ಫೆಡೋರಾ 34 ಇದನ್ನು ಮೊದಲು ಎಲ್ಲರ ಮುಂದಿಟ್ಟಿತು. ಡೆಬಿಯನ್ 12ರ ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಪರದೆಯಲ್ಲೂ ಇದೇ ಇರುತ್ತದೆ. ಇದರ ಜೊತೆಗೆ ದಾರಿ ನಿರ್ಧರಿಸುವವನ ಹೆಸರೇ ವೈರ್‌ಪ್ಲಂಬರ್. ಎಲ್ಲಕ್ಕಿಂತ ಮೇಲೆ ನಾವು ಬಳಸುವ ಪ್ರೋಗ್ರಾಂಗಳು. ಇಲ್ಲಿ ಓರ್ಕಾ.

ಇವುಗಳಲ್ಲದೆ ಚಿಪ್‌ನಿಂದ ಆಚೆಗೆ ತಂತಿ, ಜ್ಯಾಕ್, ಸ್ಪೀಕರ್. ತಂತ್ರಾಂಶ ಬಲ್ಲವರು ಮರೆಯುವುದು ಇವನ್ನೇ ಜಾಸ್ತಿ.

ಮನೆಯಲ್ಲಿ

ಹೋದಾಗ ಮಳೆ ಹಿಡಿದಿತ್ತು. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. "ಬಂದ್ಯಾ ಮಾರಾಯ" ಅಂದರು. "ಎಂತ ಆಗಿದೆಯೋ ನೋಡು. ಕೀಲಿ ಒತ್ತಿದರೆ ಗೋಡೆಗೆ ಬಡಿದ ಹಾಗೆ ಆಗ್ತದೆ."

ಮೊದಲು ರಿಪೇರಿ ಶುರು ಮಾಡಲಿಲ್ಲ. ಬ್ಯಾಗಿನಲ್ಲಿ ಒಂದು ಯುಎಸ್‌ಬಿ ಹೆಡ್‌ಸೆಟ್ ಒಯ್ದಿದ್ದೆ. ಯುಎಸ್‌ಬಿ ಹೆಡ್‌ಸೆಟ್ ಒಳಗೇ ಅದರದ್ದೇ ಒಂದು ಸಣ್ಣ ಸೌಂಡ್ ಕಾರ್ಡ್ ಇರುತ್ತದೆ. ಅದಕ್ಕೆ ಬೇಕಾದ ಸಾಮಾನ್ಯ ಡ್ರೈವರ್ ಲಿನಕ್ಸ್‌ನಲ್ಲಿ ಮೊದಲೇ ಇದೆ, ಏನೂ ಹಾಕಬೇಕಿಲ್ಲ. ಚುಚ್ಚಿದೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿದೆ. ಮೇಷ್ಟ್ರ ಕಿವಿಗೆ ಇಟ್ಟೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ತಾವೇ ಕೀಲಿ ಒತ್ತಿ ಫೋಲ್ಡರ್ ತೆರೆದರು. ಮೇ ತಿಂಗಳಲ್ಲಿ ನಿಲ್ಲಿಸಿದ್ದ ಪುಟದ ಕೊನೇ ಸಾಲು ಕೇಳಿಸಿಕೊಂಡರು.

ಪರದೆ ಓದಿಸಿಕೊಂಡು ಕೆಲಸ ಮಾಡುವವರ ಮನೆಗೆ ಹೋಗುವಾಗ ಇದು ಮೊದಲ ಹೆಜ್ಜೆ ಆಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ದೋಷ ಹುಡುಕಲು ಎರಡು ಗಂಟೆಯೂ ಆಗಬಹುದು, ಎರಡು ದಿನವೂ ಆಗಬಹುದು. ಅಷ್ಟು ಹೊತ್ತು ಅವರು ಕತ್ತಲಲ್ಲಿ ಕೂರಬೇಕಾಗಿಲ್ಲ. ಇದರಿಂದ ಪರೀಕ್ಷೆಗೂ ಒಂದು ಲಾಭ ಆಯಿತು. ಓರ್ಕಾ ಸರಿ ಇದೆ, ಪೈಪ್‌ವೈರ್ ಸರಿ ಇದೆ ಅಂತ ಗೊತ್ತಾಯಿತು. ಯುಎಸ್‌ಬಿ ದಾರಿಯಲ್ಲಿ ದನಿ ಬಂದರೆ ಮೇಲಿನ ಎರಡು ಜಾಯಿಂಟ್ ಕಟ್ಟಿಲ್ಲ.

ಆಮೇಲೆ ಸ್ಪೀಕರ್. ಅದರ ತಂತಿ ಕಿತ್ತು ನನ್ನ ಮೊಬೈಲಿಗೆ ಹಾಕಿದೆ. ಹಾಡಿತು. ಹಳೇ ಸ್ಪೀಕರೂ ಹಾಡಿತು. ಪಾಪ, ಅದನ್ನು ಅಟ್ಟಕ್ಕೆ ಹಾಕಿದ್ದರು.

ಮುಂದೆ, ಎಪ್ಲೇ ಕಮಾಂಡಿಗೆ ಒಂದು ಅಡ್ಡಗೆರೆ ಮತ್ತು ಸಣ್ಣ ಎಲ್ ಸೇರಿಸಿ ಓಡಿಸಿದೆ. ಕರ್ನಲ್‌ಗೆ ಕಾಣುವ ಸೌಂಡ್ ಕಾರ್ಡ್‌ಗಳ ಪಟ್ಟಿ ಅದು ಕೊಡುತ್ತದೆ. ಯುಎಸ್‌ಬಿ ಬಿಟ್ಟರೆ ಎರಡು ಕಾರ್ಡ್ ಇದ್ದವು. ಕಾರ್ಡ್ 0, ಎಚ್‌ಡಿಎ ಇಂಟೆಲ್ ಎಚ್‌ಡಿಎಂಐ. ಕಾರ್ಡ್ 1, ಎಚ್‌ಡಿಎ ಇಂಟೆಲ್ ಪಿಸಿಎಚ್, ಅದರಲ್ಲಿ ರಿಯಲ್‌ಟೆಕ್ ಎಎಲ್‌ಸಿ887 ಚಿಪ್. ಈ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ ಇದು ಸಹಜ. ಎಚ್‌ಡಿಎಂಐ ದನಿಗೆ ಒಂದು ಕಾರ್ಡ್, ಹಿಂದಿನ ಹಸಿರು ತೂತಿಗೆ ಇನ್ನೊಂದು.

ಇಲ್ಲಿಗೆ "ಡ್ರೈವರ್ ಇಲ್ಲ" ಅನ್ನುವ ಮಾತು ಬಿದ್ದುಹೋಯಿತು. ಡ್ರೈವರ್ ಇಲ್ಲದಿದ್ದರೆ ಕಾರ್ಡ್ ಪಟ್ಟಿಯಲ್ಲಿ ಬರುವುದೇ ಇಲ್ಲ, ಸೆಟ್ಟಿಂಗ್ಸ್‌ನಲ್ಲಿ 'ಡಮ್ಮಿ ಔಟ್‌ಪುಟ್' ಅಂತ ಮಾತ್ರ ಇರುತ್ತದೆ. ಈಚಿನ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಕಾಣುವುದುಂಟು. ಅವಕ್ಕೆ ಸೌಂಡ್ ಓಪನ್ ಫರ್ಮ್‌ವೇರ್ ಅನ್ನುವ ಕಡತಗಳು ಬೇಕು. ಡೆಬಿಯನ್‌ನಲ್ಲಿ ಫರ್ಮ್‌ವೇರ್-ಎಸ್‌ಓಎಫ್-ಸೈನ್ಡ್ ಪ್ಯಾಕೇಜ್ ಹಾಕಿದರೆ ಬಗೆಹರಿಯುತ್ತದೆ. ನಮ್ಮ ಪ್ರಕರಣ ಅದಲ್ಲ.

ಡಬ್ಲ್ಯುಪಿಸಿಟಿಎಲ್ ಸ್ಟೇಟಸ್ ಅಂತ ಕೇಳಿದರೆ ವೈರ್‌ಪ್ಲಂಬರ್ ತನ್ನ ಲೆಕ್ಕ ತೋರಿಸುತ್ತದೆ. ಯುಎಸ್‌ಬಿ ಹೆಡ್‌ಸೆಟ್ ಚುಚ್ಚುವ ಮೊದಲೇ ಅದನ್ನು ನೋಡಿಟ್ಟುಕೊಂಡಿದ್ದೆ. ಈಗ ಆರಿಸಿರುವ ದಾರಿಯನ್ನು ತೋರಿಸುವ ನಕ್ಷತ್ರದ ಗುರುತು ಎಚ್‌ಡಿಎಂಐ ಪಕ್ಕದಲ್ಲಿತ್ತು. ದನಿಯೆಲ್ಲ ಹೊಸ ಮಾನಿಟರ್‌ಗೆ ಹೋಗುತ್ತಿತ್ತು. ಆ ಮಾನಿಟರ್‌ನಲ್ಲಿ ಸ್ಪೀಕರ್ ಇಲ್ಲ. ಹಿಂದೆ ಒಂದು ಹೆಡ್‌ಫೋನ್ ತೂತು ಮಾತ್ರ ಇದೆ. ಆ ತೂತು ಇರುವುದರಿಂದ "ನಾನು ದನಿ ತಗೊಳ್ಳಬಲ್ಲೆ" ಅಂತ ಮಾನಿಟರ್ ಕಂಪ್ಯೂಟರ್‌ಗೆ ಹೇಳುತ್ತದೆ. ಕಂಪ್ಯೂಟರ್ ನಂಬುತ್ತದೆ. ಕರ್ನಲ್ ತನ್ನ ಸ್ಥಿತಿ ತೋರಿಸುವ ಪ್ರಾಕ್ ಫೋಲ್ಡರಿನಲ್ಲಿ ಆ ಕಾರ್ಡ್‌ನ ಇಎಲ್‌ಡಿ ಅನ್ನುವ ಕಡತ ಓದಿದರೆ ಮಾನಿಟರ್ ಏನು ಹೇಳಿಕೊಂಡಿದೆ ಅಂತ ಸಾಲಾಗಿ ಸಿಗುತ್ತದೆ.

ಮೊದಲ ದೋಷ ಸಿಕ್ಕಿತು. ಲೈನ್ ಔಟ್ ಆರಿಸಿದೆ. ಸದ್ದಿಲ್ಲ.

ಅಣ್ಣನ ಮಗ ವಾಪಸ್ ಹೋದದ್ದು ಇಲ್ಲಿಂದಲೇ. ಅವನು ಮಾಡಿದ್ದು ಸರಿಯಾದ ಕೆಲಸವೇ. ಸದ್ದು ಬರಲಿಲ್ಲ ಅಂತ ಸರಿಯಾದದ್ದನ್ನು ಮತ್ತೆ ತಪ್ಪು ಜಾಗಕ್ಕೆ ಇಟ್ಟ. ನಾನು ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ತಕ್ಷಣ ಹಿಡಿದರು. "ಪೈಪಲ್ಲಿ ಎರಡು ಕಡೆ ಎಲೆ ಕಟ್ಟಿದರೆ ಹೀಗೇ ಆಗೋದು. ಮೇಲಿನದು ತೆಗೆದರೆ ನಲ್ಲಿಯಲ್ಲಿ ನೀರು ಬರೋದಿಲ್ಲ. ಹಾಗಂತ ತೆಗೆದ ಎಲೆ ಮತ್ತೆ ಯಾರಾದ್ರೂ ಪೈಪಿಗೆ ತುರುಕ್ತಾರಾ?" ಅಂದರು. ಅದಕ್ಕೇ ಪ್ರತಿ ಹಂತವನ್ನೂ ಅದರದ್ದೇ ಗುರುತಿನಿಂದ ಪರೀಕ್ಷೆ ಮಾಡಬೇಕು. ಸ್ಪೀಕರ್‌ನಲ್ಲಿ ಸದ್ದು ಬಂತಾ ಇಲ್ಲವಾ ಅನ್ನುವ ಒಂದೇ ಪ್ರಶ್ನೆ ಇಟ್ಟುಕೊಂಡರೆ, ಎರಡು ದೋಷ ಇದ್ದಾಗ ಎಂದೂ ಉತ್ತರ ಸಿಗುವುದಿಲ್ಲ.

ಲಾಗಿನ್ ಪರದೆ ಕೊಟ್ಟ ಸುಳಿವು

ಕೆಳಗೆ ಇನ್ನೊಂದು ದೋಷ ಇದೆ ಅನ್ನುವ ಅನುಮಾನ ನನಗೆ ಮನೆಗೆ ಬಂದ ಐದು ನಿಮಿಷಕ್ಕೇ ಬಂದಿತ್ತು. ಕಾರಣ ಸೊಸೆ ಹೇಳಿದ ಒಂದು ಮಾತು. "ಮೊದಲು ಪಾಸ್‌ವರ್ಡ್ ಕೇಳುವಾಗಲೂ ಮಾತಾಡ್ತಿತ್ತು ಅಣ್ಣಾ. ಈಗ ಅಲ್ಲೂ ಇಲ್ಲ."

ಇದು ಸಣ್ಣ ಮಾತಲ್ಲ. ಲಾಗಿನ್ ಪರದೆಯನ್ನು ಮೇಷ್ಟ್ರ ಖಾತೆ ನಡೆಸುವುದಿಲ್ಲ. ಅದಕ್ಕೆ ಜಿಡಿಎಂ ಅನ್ನುವ ಬೇರೆಯದೇ ಖಾತೆ. ಆ ಖಾತೆಗೆ ಅದರದ್ದೇ ಸೌಂಡ್ ಸರ್ವರ್, ಅದರದ್ದೇ ಸೆಟ್ಟಿಂಗ್. ಮೇಷ್ಟ್ರ ಖಾತೆಯಲ್ಲಿ ಯಾರೋ ಎಚ್‌ಡಿಎಂಐ ಆರಿಸಿದರೆ ಅದು ಮೇಷ್ಟ್ರ ಖಾತೆಯಲ್ಲಿ ಮಾತ್ರ ಉಳಿಯುತ್ತದೆ. ಲಾಗಿನ್ ಪರದೆಗೆ ಅದರ ಸೋಂಕು ತಗಲುವುದಿಲ್ಲ. ದೋಷ ಇದೊಂದೇ ಆಗಿದ್ದರೆ ಲಾಗಿನ್ ಪರದೆ ಮಾತಾಡಬೇಕಿತ್ತು. ಮಾತಾಡುತ್ತಿಲ್ಲ ಅಂದರೆ, ಎಲ್ಲ ಖಾತೆಗಳಿಗೂ ಸಾಮಾನ್ಯವಾದ ಜಾಗದಲ್ಲಿ ಏನೋ ಕಟ್ಟಿದೆ. ಅಂದರೆ ಆಲ್ಸಾ, ಚಿಪ್, ಜ್ಯಾಕ್. ಇವುಗಳಲ್ಲಿ ಒಂದು.

ಹಾಗಾಗಿ ಸೌಂಡ್ ಸರ್ವರ್ ಬಿಟ್ಟು ನೇರವಾಗಿ ಕಾರ್ಡ್‌ಗೆ ಹೋದೆ. ಸ್ಪೀಕರ್-ಟೆಸ್ಟ್ ಕಮಾಂಡಿಗೆ 'ಪ್ಲಗ್‌ಎಚ್‌ಡಬ್ಲ್ಯು:1,0' ಅಂತ ವಿಳಾಸ, ಜೊತೆಗೆ '-ಟಿ ವೇವ್' ಅನ್ನುವ ಆಯ್ಕೆ ಕೊಟ್ಟರೆ ಅದು ಪೈಪ್‌ವೈರ್ ಅನ್ನು ಮುಟ್ಟದೆ ಕಾರ್ಡ್ 1ಕ್ಕೆ ದನಿ ಕಳಿಸುತ್ತದೆ. 'ಫ್ರಂಟ್ ಲೆಫ್ಟ್, ಫ್ರಂಟ್ ರೈಟ್' ಅಂತ ಹೆಂಗಸಿನ ದನಿ ಬರಬೇಕು. ಕಮಾಂಡ್ ತಪ್ಪಿಲ್ಲದೆ ಓಡಿತು. ಸ್ಪೀಕರ್ ಮಾತ್ರ ಮೌನ.

ಈಗ ಉಳಿದದ್ದು ಜ್ಯಾಕ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಈ ವಿಷಯ ಗೊತ್ತಿದ್ದರೆ ಎಷ್ಟೋ ಜನರ ಹಣ ಉಳಿಯುತ್ತದೆ.

ಇಂಟೆಲ್ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ಪದ್ಧತಿ ತಂದಿತು. ಅದರಲ್ಲಿ ಯಾವ ತೂತಿಗೆ ಪಿನ್ ಹಾಕಿದ್ದಾರೆ ಅನ್ನುವುದು ಚಿಪ್‌ಗೆ ಗೊತ್ತಾಗುವ ಏರ್ಪಾಡು ಇದೆ. ತೂತಿನ ಒಳಗೆ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಪಿನ್ ಒಳಗೆ ಹೋದಾಗ ಅದು ಸರಿದು ಸ್ವಿಚ್‌ನ ಹಾಗೆ ಕೆಲಸ ಮಾಡುತ್ತದೆ. ಮುಂದಿನ ತೂತಿಗೆ ಹೆಡ್‌ಫೋನ್ ಹಾಕಿದರೆ ಹಿಂದಿನ ಸ್ಪೀಕರ್ ತಾನಾಗಿ ಸುಮ್ಮನಾಗಬೇಕು ಅನ್ನುವುದು ಇದರ ಉದ್ದೇಶ. ಆಲ್ಸಾದಲ್ಲಿ ಇದರ ಹೆಸರು ಆಟೋ-ಮ್ಯೂಟ್ ಮೋಡ್. ಆಲ್ಸಾಮಿಕ್ಸರ್‌ನ ಬಲ ತುದಿಯಲ್ಲಿ ಇರುತ್ತದೆ. ನಾನು ಫೋಟೋದಲ್ಲಿ ನೋಡದೆ ಬಿಟ್ಟದ್ದು ಇದನ್ನೇ.

ಆ ಸ್ವಿಚ್ ಈಗ ಏನು ಹೇಳುತ್ತಿದೆ ಅಂತ ತಿಳಿಯುವುದೂ ಸುಲಭ. ಎಮಿಕ್ಸರ್ ಕಮಾಂಡಿನಲ್ಲಿ ಕಾರ್ಡ್ 1ರ ಕಂಟೆಂಟ್ಸ್ ಕೇಳಿದೆ. ಉದ್ದ ಪಟ್ಟಿ ಬಂತು. ಅದರಲ್ಲಿ 'ಫ್ರಂಟ್ ಹೆಡ್‌ಫೋನ್ ಜ್ಯಾಕ್' ಅನ್ನುವ ಸಾಲು ಹುಡುಕಿದೆ. ಅದರ ಕೆಳಗೆ 'ಆನ್' ಅಂತ ಇತ್ತು.

ಮುಂದಿನ ತೂತಿನಲ್ಲಿ ಏನೂ ಇರಲಿಲ್ಲ. ಚಿಪ್ ಮಾತ್ರ ಅಲ್ಲಿ ಹೆಡ್‌ಫೋನ್ ಇದೆ ಅಂತ ನಂಬಿತ್ತು.

ಆಲ್ಸಾಮಿಕ್ಸರ್‌ಗೆ ಹೋಗಿ ಆಟೋ-ಮ್ಯೂಟ್ ಅನ್ನು ಡಿಸೇಬಲ್ಡ್ ಮಾಡಿದೆ. ಸ್ಪೀಕರ್-ಟೆಸ್ಟ್ ಇನ್ನೂ ಓಡುತ್ತಲೇ ಇತ್ತು. ಆ ಕ್ಷಣಕ್ಕೇ ಸ್ಪೀಕರ್‌ನಿಂದ 'ಫ್ರಂಟ್ ರೈಟ್' ಅಂತ ದನಿ ಬಂತು. ಅಡುಗೆಮನೆಯಿಂದ ಸೊಸೆ ಓಡಿ ಬಂದರು.

ತೂತಿನ ಒಳಗೆ

ಹಲವರು ಇಲ್ಲಿಗೆ ನಿಲ್ಲಿಸುತ್ತಾರೆ. ಆಟೋ-ಮ್ಯೂಟ್ ತೆಗೆದರೆ ಸದ್ದು ಬಂತಲ್ವಾ, ಆಲ್ಸಾಸಿಟಿಎಲ್ ಸ್ಟೋರ್ ಅಂತ ಉಳಿಸಿ ಮನೆಗೆ ಹೋಗಬಹುದು. ನಾನು ನಿಲ್ಲಿಸಲಿಲ್ಲ. ಚಿಪ್‌ಗೆ ಸುಳ್ಳು ಸುದ್ದಿ ಹೋಗುತ್ತಿರುವವರೆಗೂ ಸೌಂಡ್ ಸರ್ವರ್ ಕೂಡ ಹೆಡ್‌ಫೋನ್ ಇದೆ ಅಂತಲೇ ತಿಳಿದು, ಲೈನ್ ಔಟ್ ಬಿಟ್ಟು ಹೆಡ್‌ಫೋನನ್ನು ಆರಿಸಬಹುದು. ಮೇಷ್ಟ್ರ ಖಾತೆಯಲ್ಲಿ ನಾನು ಲೈನ್ ಔಟ್ ಅಂತ ಗಟ್ಟಿ ಮಾಡಬಹುದು. ಲಾಗಿನ್ ಪರದೆಯ ಖಾತೆಯಲ್ಲಿ ಯಾರು ಮಾಡುತ್ತಾರೆ? ಪಾಸ್‌ವರ್ಡ್ ಹಾಕುವ ಜಾಗದಲ್ಲೇ ಮೌನ ಇದ್ದರೆ ಮೇಷ್ಟ್ರಿಗೆ ಒಳಗೆ ಹೋಗುವುದೇ ಕಷ್ಟ. ಆಟೋ-ಮ್ಯೂಟ್ ಅನ್ನು ಮತ್ತೆ ಮೊದಲಿನ ಹಾಗೆ ಮಾಡಿ, ಸುಳ್ಳು ಎಲ್ಲಿಂದ ಬರುತ್ತಿದೆ ಅಂತ ನೋಡಲು ಹೊರಟೆ.

ಟಾರ್ಚ್ ಹಿಡಿದು ಮುಂದಿನ ಹೆಡ್‌ಫೋನ್ ತೂತಿನೊಳಗೆ ನೋಡಿದೆ. ಮಣ್ಣು. ಕುಂಬಾರ ಹುಳದ ಗೂಡು.

ಮಲೆನಾಡಿನಲ್ಲಿ ಇರುವವರಿಗೆ ಇದು ಹೊಸದಲ್ಲ. ಬೀಗದ ಕೈ ತೂತು, ಸ್ವಿಚ್ ಬೋರ್ಡಿನ ತೂತು, ಬಾಗಿಲ ಸಂದು, ಎಲ್ಲಿ ಸಣ್ಣ ಜಾಗ ಸಿಕ್ಕರೂ ಈ ಹುಳ ಹಸಿ ಮಣ್ಣು ತಂದು ಮುಚ್ಚುತ್ತದೆ. ಹೆಡ್‌ಫೋನ್ ತೂತಿನ ಅಗಲ ಮೂರೂವರೆ ಮಿಲಿಮೀಟರ್. ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೇಷ್ಟ್ರು ಮುಂದಿನ ತೂತನ್ನು ಎಂದೂ ಬಳಸುತ್ತಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಆದರೆ ಗೂಡು ಮೊದಲೇ ಇದ್ದಿರಬೇಕು. ದನಿ ನಿಂತದ್ದು ಮಾನಿಟರ್ ಬಂದ ದಿನವೇ ಯಾಕೆ? ಸೊಸೆಯನ್ನು ಮತ್ತೆ ಕೇಳಿದೆ. ಅವತ್ತು ಮಾನಿಟರ್ ಜೋಡಿಸಲು ಬಂದ ಹುಡುಗ ಏನೇನು ಮಾಡಿದ? ಅವರು ಯೋಚಿಸಿ ಹೇಳಿದರು. "ಸೌಂಡ್ ನೋಡ್ತೀನಿ ಅಂತ ಅವನ ಹೆಡ್‌ಫೋನ್ ಮುಂದೆ ಹಾಕೋಕೆ ಹೋದ. ಒಳಗೆ ಹೋಗಲಿಲ್ಲ, ತುಂಬ ಬಿಗಿ ಅಂದ. ಆಮೇಲೆ ಮಾನಿಟರ್ ಹಿಂದೆ ಹಾಕಿದ. ಅಲ್ಲಿ ಸೌಂಡ್ ಬಂತು. ಸರಿ ಇದೆ ಅಂತ ಹೇಳಿ ಹೋದ."

ಎಲ್ಲ ಬಿಡಿಸಿಕೊಂಡಿತು. ಅವನು ಪಿನ್ ಒತ್ತಿದಾಗ ಮಣ್ಣು ಒಳಕ್ಕೆ ಸರಿದು ಸ್ಪ್ರಿಂಗ್ ಪಟ್ಟಿಯನ್ನು ಒತ್ತಿ ಹಿಡಿಯಿತು. ಅಲ್ಲಿ ಆಗಲಿಲ್ಲ ಅಂತ ಮಾನಿಟರ್‌ನ ತೂತಿಗೆ ಹೆಡ್‌ಫೋನ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಆರಿಸಿದ. ಅವನ ಕಿವಿಗೆ ಸದ್ದು ಬಂತು. ಹೆಡ್‌ಫೋನ್ ತೆಗೆದುಕೊಂಡು ಹೋದ. ಆರಿಸಿದ್ದು ಅಲ್ಲೇ ಉಳಿಯಿತು. ಒಂದೇ ಭೇಟಿಯಲ್ಲಿ ಎರಡು ದೋಷ ಹುಟ್ಟಿದವು, ಎರಡೂ ಪರೀಕ್ಷೆ ಮಾಡಲು ಹೋಗಿಯೇ. ಅವನು ಕೆಟ್ಟದ್ದೇನೂ ಮಾಡಲಿಲ್ಲ. ಪರೀಕ್ಷೆಗೆ ಅಂತ ಬದಲಾಯಿಸಿದ್ದನ್ನು ವಾಪಸ್ ಇಡಲಿಲ್ಲ, ಮತ್ತು ಈ ಮನೆಯಲ್ಲಿ ದನಿ ಯಾರಿಗೆ, ಎಲ್ಲಿಂದ ಬೇಕು ಅಂತ ಕೇಳಲಿಲ್ಲ.

ಮಾಡಿದ ಕೆಲಸ

ಕಂಪ್ಯೂಟರ್ ಪೂರ್ತಿ ಆರಿಸಿ, ಕರೆಂಟ್ ತಂತಿ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ, ಮುಚ್ಚಳ ಬಿಚ್ಚಿದೆ. ಹಲ್ಲುಕಡ್ಡಿಯಿಂದ ಮಣ್ಣು ಕೆದಕಿದೆ. ಹಳೇ ಗೂಡು, ಒಳಗೆ ಹುಳ ಇರಲಿಲ್ಲ. ಮಣ್ಣು ಬಂತು, ಆದರೆ ಪಟ್ಟಿ ಬಾಗಿಹೋಗಿತ್ತು, ಮಳೆಗಾಲದ ತೇವಕ್ಕೆ ತುಕ್ಕೂ ಹಿಡಿದಿತ್ತು. ಮುಂದಿನ ತೂತುಗಳಿಂದ ಮದರ್‌ಬೋರ್ಡಿಗೆ ಒಂದು ಸಣ್ಣ ತಂತಿಗುಚ್ಛ ಹೋಗುತ್ತದೆ. ಅದರ ತುದಿಯ ಕನೆಕ್ಟರ್ ಮೇಲೆ ಎಚ್‌ಡಿ ಆಡಿಯೋ ಅಂತ ಬರೆದಿರುತ್ತದೆ. ಅದನ್ನು ಕಿತ್ತು, ಬಟ್ಟೆಯ ದಾರದಿಂದ ಪಕ್ಕಕ್ಕೆ ಕಟ್ಟಿಟ್ಟೆ. ಮುಂದಿನ ತೂತು ಇನ್ನು ಕೆಲಸ ಮಾಡುವುದಿಲ್ಲ. ಅದು ಬೇಕಾಗಿಯೂ ಇಲ್ಲ.

ಮತ್ತೆ ಹಚ್ಚಿದಾಗ ಎಮಿಕ್ಸರ್‌ನಲ್ಲಿ ಆ ಜ್ಯಾಕ್ 'ಆಫ್' ಅಂತ ತೋರಿಸಿತು. ಅದಕ್ಕಿಂತ ಮೊದಲೇ ಲಾಗಿನ್ ಪರದೆ ಮಾತಾಡಿತ್ತು. ಮೇಷ್ಟ್ರು ತಾವೇ ಪಾಸ್‌ವರ್ಡ್ ಹಾಕಿ ಒಳಗೆ ಹೋದರು.

ಇನ್ನೊಂದು ಕೆಲಸ ಎಚ್‌ಡಿಎಂಐ ದನಿಯನ್ನೇ ನಿಲ್ಲಿಸುವುದು. ಈ ಮನೆಯಲ್ಲಿ ಮಾನಿಟರ್‌ನಿಂದ ದನಿ ಯಾರಿಗೂ ಬೇಡ, ತಪ್ಪಿ ಯಾರಾದರೂ ಆರಿಸಿದರೆ ಮಾತ್ರ ತೊಂದರೆ. ಇಟಿಸಿ ಫೋಲ್ಡರಿನ ಮಾಡ್‌ಪ್ರೋಬ್ ಡಾಟ್ ಡಿ ಒಳಗೆ ಒಂದು ಸಣ್ಣ ಕಡತ ಮಾಡಿ, ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್ ಮಾಡ್ಯೂಲ್‌ಗೆ 'ಎನೇಬಲ್=0,1' ಅನ್ನುವ ಆಯ್ಕೆ ಬರೆದೆ. ಮೊದಲ ಕಾರ್ಡ್ ಬೇಡ, ಎರಡನೆಯದು ಬೇಕು ಅಂತ ಅದರ ಅರ್ಥ. ಚಿತ್ರಕ್ಕೆ ಏನೂ ಆಗುವುದಿಲ್ಲ, ದನಿಯ ಬಾಗಿಲು ಮಾತ್ರ ಮುಚ್ಚುತ್ತದೆ. ಈ ಸಾಲನ್ನು ಎಲ್ಲೋ ಓದಿ ಮೊದಲ ದಿನವೇ ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಯಾವ ಕಾರ್ಡ್ ಮೊದಲನೆಯದು ಅಂತ ಎಪ್ಲೇ ಪಟ್ಟಿಯಲ್ಲಿ ನೋಡದೆ ಬರೆದರೆ, ಬೇಕಾದ ಕಾರ್ಡೇ ಮಾಯವಾಗುತ್ತದೆ. ಆಮೇಲೆ ಪಲ್ಸ್ ಯಾವುದು, ಪೈಪ್ ಯಾವುದು ಅಂತ ಹುಡುಕಿ ಸುಸ್ತಾಗುತ್ತೀರಿ.

ಹೊರಡುವ ಹೊತ್ತು. ಕಾಫಿ ಕುಡಿಯುತ್ತಾ ಮೇಷ್ಟ್ರು ಕೇಳಿದರು. "ಒಂದು ಮಾತು ಕೇಳ್ಲಾ? ಇದು ಮೊದಲಿಂದಲೂ ಹೀಗೇ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಆಮೇಲೆ ಕೀಲಿ ಒತ್ತಿದರೆ ಮೊದಲ ಅಕ್ಷರ ನುಂಗ್ತದೆ. 'ಕಡತ' ಅನ್ನೋದು 'ಡತ' ಅಂತ ಕೇಳ್ತದೆ. ಯಂತ್ರದ ಸ್ವಭಾವ ಅಂತ ಸುಮ್ಮನಿದ್ದೆ."

ಒಂದೂವರೆ ವರ್ಷ ಅವರು ಇದನ್ನು ಸಹಿಸಿಕೊಂಡಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇದು ಸೌಂಡ್ ಚಿಪ್‌ನ ವಿದ್ಯುತ್ ಉಳಿತಾಯದ ಏರ್ಪಾಡು. ಸ್ವಲ್ಪ ಹೊತ್ತು ದನಿ ಇಲ್ಲದಿದ್ದರೆ ಚಿಪ್ ಮಲಗುತ್ತದೆ. ಎದ್ದೇಳುವಷ್ಟರಲ್ಲಿ ಮೊದಲ ಅಕ್ಷರ ದಾಟಿಹೋಗಿರುತ್ತದೆ. ಹಾಡು ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಓರ್ಕಾ ಬಳಸುವವರಿಗೆ ದಿನಕ್ಕೆ ನೂರಾರು ಸಲ ಪದದ ತಲೆ ಕತ್ತರಿಸಿದ ಹಾಗೆ. ಅದೇ ಕಡತದಲ್ಲಿ 'ಪವರ್_ಸೇವ್=0' ಅಂತ ಸೇರಿಸಿದೆ. ವೈರ್‌ಪ್ಲಂಬರ್ ಕೂಡ ಕೆಲಸವಿಲ್ಲದ ಕಾರ್ಡನ್ನು ಐದು ಸೆಕೆಂಡಿಗೆ ಮಲಗಿಸುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಸಸ್ಪೆಂಡ್ ಟೈಮ್‌ಔಟ್ ಸೊನ್ನೆ ಮಾಡಿದೆ. ಲ್ಯಾಪ್‌ಟಾಪ್ ಆಗಿದ್ದರೆ ಬ್ಯಾಟರಿಯ ಯೋಚನೆ ಇರುತ್ತಿತ್ತು. ಡೆಸ್ಕ್‌ಟಾಪ್‌ಗೆ ಆ ಚಿಂತೆ ಇಲ್ಲ.

ಕಂಪ್ಯೂಟರ್ ಮತ್ತೆ ಹಚ್ಚಿದೆವು. ಮೇಷ್ಟ್ರು ಬೇಕಂತಲೇ ಒಂದು ನಿಮಿಷ ಕೈ ಕಟ್ಟಿ ಕೂತರು. ಹೊರಗೆ ಮಳೆ ಸುರಿಯುತ್ತಿತ್ತು. ಆಮೇಲೆ ಬೆರಳು ಚಾಚಿ ಒಂದು ಕೀಲಿ ಒತ್ತಿದರು. "ಕಡತ" ಅಂದಿತು ಸ್ಪೀಕರ್.

ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಸೊಸೆ ಇನ್ನೊಂದು ಲೋಟ ಕಾಫಿ ತಂದು ಅವರ ಪಕ್ಕ ಇಟ್ಟರು. ಅದು ಆರುವವರೆಗೂ ಅವರು ಮುಟ್ಟಲಿಲ್ಲ. ಟೈಪ್ ಮಾಡುತ್ತಿದ್ದರು.